ನಮ್ಮ ಮನೆ ಹೆಂಗಸರು ಹೀಗೇ

ಕ್ಲಿನಿಕ್ಕಿನ ಕುರ್ಚಿಗಳಿಗೆ ಈ ಬಣ್ಣ ಆರಿಸಿದವನು ಖಂಡಿತ ಗಂಡಸೇ ಇರಬೇಕು ಎಂದುಕೊಂಡಳು ಲೊರೆಟ್. ಹಾಲು ಬೆರೆಸಿದ ಓಟ್ಸ್ ಗಂಜಿಯ ಬಣ್ಣ. ಒಂದು ತೊಟ್ಟು ಕಾಫಿ ಚೆಲ್ಲಿದರೂ ವರ್ಷಗಟ್ಟಲೆ ಬಂದವರಿಗೆಲ್ಲ ಹೇಳಿಕೊಂಡು ಕೂರುವಂಥ ಬಟ್ಟೆ. ಅವಳು ತನ್ನ ಕಪ್ಪು ಜಾಕೀಟನ್ನು ಎರಡು ಮಡಿಕೆ ಮಾಡಿ ಅಡಿಗೆ ಹಾಕಿಕೊಂಡು, ಕುರ್ಚಿಯ ಅಂಚಿನಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವಳಂತೆ ಕೂತಿದ್ದಳು. ಪಕ್ಕದಲ್ಲಿ ಮಗಳು ಡನೀಸ್. ಹದಿನಾಲ್ಕು ವರ್ಷ. ಕೆಳತುಟಿ ಊದಿ ನೇರಳೆ ಹಣ್ಣಾಗಿತ್ತು, ಅದರ ಮೇಲೊಂದು ಬಿಳಿ ಪಟ್ಟಿ. ಪಟ್ಟಿಯ ನಡುವೆ ಇನ್ನೂ ಕೆಂಪು ಒಸರುತ್ತಿತ್ತು. ನಿನ್ನೆ ಹನ್ನೊಂದು ಗಂಟೆಗೆ ಆದ ಗಾಯ, ಇವತ್ತು ಹನ್ನೊಂದಕ್ಕೂ ಒಸರುತ್ತಿದೆ. ಅದನ್ನು ನೋಡಬಾರದೆಂದು ಲೊರೆಟ್ ಕಿಟಕಿಯ ಕಡೆ ನೋಡಿದಳು. ಹೊರಗೆ ಅಕ್ಟೋಬರಿನ ಒಣ ಬಿಸಿಲು. ಮಣ್ಣು ಬೂಟಿಗೆ ಅಂಟದ, ಆಲೂಗಡ್ಡೆ ತೊಳೆದಿಟ್ಟಂತೆ ಮೇಲೆ ಬರುವ ದಿನ. ಮೂರು ಮೈಲಿ ಆಚೆ ರೋಜರ್ ದುಬೆಯ ಹೊಲದಲ್ಲಿ ಯಂತ್ರ ಓಡುತ್ತಿರುತ್ತದೆ. ಹತ್ತೊಂಬತ್ತು ಕೊಯ್ಲುಗಳಲ್ಲಿ ಮೊದಲ ಸಲ ಅದರ ಮೇಲೆ ಲೊರೆಟ್ ಇಲ್ಲ.

ಬಾಗಿಲ ಬಳಿ ಮೇಜಿನ ಹಿಂದೆ ಬರ್ನಡೆಟ್ ಕೂತಿದ್ದಳು. ಗಂಡನ ದೊಡ್ಡಪ್ಪನ ಮಗಳು. ಈ ಕಣಿವೆಯಲ್ಲಿ ಯಾವ ಮೇಜಿನ ಹಿಂದೆ ನೋಡಿದರೂ ಯಾರದೋ ದೊಡ್ಡಪ್ಪನ ಮಗಳೇ ಕೂತಿರುವುದು. ಒಳಗೆ ಬಂದ ಕೂಡಲೇ ಅವಳು, ಏನೇ ಲೊರೆಟ್, ಕೊಯ್ಲಿನ ನಟ್ಟನಡುವೆ ಇಲ್ಲಿಗೆ ಬಂದಿದ್ದೀಯಲ್ಲ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದಳು. ಕಾಯುತ್ತಿದ್ದ ಇಬ್ಬರು ಮುದುಕರು ತಲೆ ಎತ್ತಿದ್ದರು. ಲೊರೆಟ್ ಮಗಳ ತುಟಿ ತೋರಿಸಿ, ಬಿದ್ದಳು, ಅಷ್ಟೇ ಎಂದಿದ್ದಳು. ಬರ್ನಡೆಟ್ ಕಾಗದ ನೋಡಿದಳು. ಕಾಗದದಲ್ಲಿ ಬೇರೆ ಏನೋ ಇತ್ತು. ಕ್ಲಿನಿಕ್ಕಿಗೆ ಫೋನು ಮಾಡಿದ್ದು ಲೊರೆಟ್ ಅಲ್ಲ, ರೋಜರನ ಹೆಂಡತಿ ಐರೀನ್. ಅವಳು ಏನೇನು ಹೇಳಿದ್ದಾಳೋ ಯಾರಿಗೆ ಗೊತ್ತು. ಬರ್ನಡೆಟ್ ಅದನ್ನು ಓದಿ, ದನಿ ಇಳಿಸಿ, ಕೂತ್ಕೊಳಿ ಎಂದಳು. ಆ ಇಳಿದ ದನಿ ಲೊರೆಟಳ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಮಗಳಿಗೆ ವೈದ್ಯರನ್ನು ತೋರಿಸಲು ಊರ ಹೆಂಗಸು ಫೋನು ಮಾಡಬೇಕಾಯಿತು. ಇದನ್ನು ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಹೇಳದೆ ಬಿಡುತ್ತಾರೆಯೇ?

ಯಂತ್ರ ನಡುಸಾಲಿನಲ್ಲಿ ನಿಲ್ಲುವುದಿಲ್ಲ. ಅದು ಈ ಕಡೆಯ ಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುವ ಮೊದಲ ಮಾತು. ಸೆಪ್ಟೆಂಬರಿನ ಕೊನೆಗೆ ಶಾಲೆಗೆ ಮೂರು ವಾರ ಬೀಗ ಬಿದ್ದರೆ ಮಕ್ಕಳೆಲ್ಲ ಹೊಲಕ್ಕೆ. ಟ್ರ್ಯಾಕ್ಟರಿನ ಹಿಂದೆ ಉದ್ದನೆಯ ಯಂತ್ರ, ಅದರ ಮೇಲೆ ಓಡುವ ಬೆಲ್ಟು, ಬೆಲ್ಟಿನ ಎರಡೂ ಕಡೆ ನಿಂತು ಕಲ್ಲು, ಹೆಂಟೆ, ಕೊಳೆತದ್ದು ಎಲ್ಲ ಆರಿಸಿ ಎಸೆಯಬೇಕು. ಸಾಲು ಅರ್ಧ ಮೈಲಿ. ಸಾಲಿನ ತುದಿಯಲ್ಲಿ ಯಂತ್ರ ತಿರುಗುವಾಗ ಮಾತ್ರ ಇಳಿಯಬಹುದು. ಗಂಡಸರು ಎಡಗಡೆಯ ಕಾಡಿಗೆ, ಹೆಂಗಸರು ಬಲಗಡೆಯ ಕಾಡಿಗೆ, ಎರಡು ನಿಮಿಷ. ತಲೆಯ ಮೇಲೆ ಹಗ್ಗವೊಂದು ತೂಗಾಡುತ್ತದೆ, ಎಳೆದರೆ ಟ್ರ್ಯಾಕ್ಟರಿನಲ್ಲಿ ಗಂಟೆ ಬಡಿಯುತ್ತದೆ. ಯಾರದಾದರೂ ಕೈ ಸಿಕ್ಕಿಕೊಂಡರೆ ಎಳೆಯಬೇಕು. ಡನೀಸ್ ನಿನ್ನೆ ಅದನ್ನು ಎಳೆದಳು. ಯಂತ್ರದ ಸದ್ದು ಸತ್ತು, ಆಚೆ ಹೊಲದ ಕಾಗೆಗಳ ಕೂಗು ಕೂಡ ಕೇಳಿತು. ತಂಡದ ಮೇಸ್ತ್ರಿಯಾದ ಲೊರೆಟ್ ಬೆಲ್ಟಿನ ಸುತ್ತ ಹಾದು ಬಂದು, ಕೈ ಎಲ್ಲಿ ಎಂದು ಕೇಳಿದಳು. ಡನೀಸ್ ಎರಡೂ ಕೈ ತೋರಿಸಿದಳು. ಏನೂ ಆಗಿರಲಿಲ್ಲ. ಅಮ್ಮನ ಕಿವಿಯ ಹತ್ತಿರ ಬಾಯಿ ತಂದು, ತುಂಬಿಹೋಗಿದೆ ಅಮ್ಮ, ಕಾಲಿನವರೆಗೆ ಬಂದಿದೆ, ಕಣ್ಣು ಕತ್ತಲೆ ಬರುತ್ತಿದೆ ಎಂದಳು. ಬೆಳಗ್ಗೆಯಿಂದ ಅದು ಮೂರನೆಯ ಪ್ಯಾಡು ಎಂದಳು.

ಆಗ ಲೊರೆಟ್ ಏನು ಮಾಡಬಹುದಿತ್ತು? ನಿನ್ನೆಯಿಂದ ಆ ಗಳಿಗೆಯನ್ನು ಹಿಂದಕ್ಕೆ ಎಳೆದು ಎಳೆದು ನೋಡಿದ್ದಾಳೆ. ಜಾಕೀಟು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿ ಕೆಳಗಿಳಿಸಬಹುದಿತ್ತು. ಅಷ್ಟೇ ಸಾಕಿತ್ತು. ಆದರೆ ಏಳು ಜನ ನೋಡುತ್ತಿದ್ದರು, ಟ್ರ್ಯಾಕ್ಟರಿನಿಂದ ರೋಜರ್ ಕತ್ತು ತಿರುಗಿಸಿದ್ದ, ಮೇಸ್ತ್ರಿಯ ಮಗಳೇ ಹಗ್ಗ ಎಳೆದಿದ್ದಳು. ಲೊರೆಟಳ ಬಾಯಿಂದ ಬಂದ ಮಾತು ಅವಳದಾಗಿರಲಿಲ್ಲ, ಅವಳ ತಾಯಿ ಫ್ಲೋರಿನಳದು. ದನಿ ಕೂಡ ಫ್ಲೋರಿನಳದೇ.

"ನಿಮ್ಮಜ್ಜಿ ಹೆತ್ತ ಹನ್ನೆರಡನೇ ದಿನಕ್ಕೆ ಬಗ್ಗಿ ಆಲೂಗಡ್ಡೆ ಆರಿಸಿದ್ಲು. ನಿಂದೇನೇ ಇದು ಮಹಾರಾಣಿ ಕಾಯಿಲೆ? ನಿಂತ್ಕೋ ಸುಮ್ನೆ."

ಯಾರೋ ನಕ್ಕರು. ದೊಡ್ಡ ನಗುವೇನಲ್ಲ, ಯಂತ್ರ ಹೊರಡಲಿ ಎಂಬ ಅವಸರದ ನಗು. ಡನೀಸಳ ಮುಖ ಕೆಂಪಾಗಬೇಕಿತ್ತು, ಆಗಲಿಲ್ಲ, ಅದರಲ್ಲಿ ಕೆಂಪಾಗಲು ಏನೂ ಉಳಿದಿರಲಿಲ್ಲ. ಅದನ್ನು ಲೊರೆಟ್ ನೋಡಿದಳು. ನೋಡಿದ್ದನ್ನು ತನಗೇ ಹೇಳಿಕೊಳ್ಳದೆ ತನ್ನ ಜಾಗಕ್ಕೆ ಹೋಗಿ ನಿಂತಳು. ಇನ್ನೂ ನೂರು ಗಜ ಹೋಗಿರಲಿಲ್ಲ, ಹುಡುಗಿ ಮಡಚಿದ ಬಟ್ಟೆಯಂತೆ ಕುಸಿದಳು, ಕಬ್ಬಿಣದ ಅಂಚು ತುಟಿಗೆ ತಾಗಿತು. ಈ ಸಲ ಹಗ್ಗ ಎಳೆದವಳು ಲೊರೆಟ್. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಅದನ್ನು ಎಳೆದದ್ದು ಅದೇ ಮೊದಲು.

ಕ್ಲಿನಿಕ್ಕಿನ ಗೋಡೆಯ ಮೇಲೆ ಹಲ್ಲುಜ್ಜುವ ಬಗೆಯ ಚಿತ್ರವಿತ್ತು. ಡನೀಸ್ ಅದನ್ನು ನೋಡುತ್ತಾ, ಬೆನ್ನು ನೆಟ್ಟಗೆ, ಮೊಣಕಾಲು ಕೂಡಿಸಿ ಕೂತಿದ್ದಳು. ಹಾಗೆ ಕೂರುವುದನ್ನು ಲೊರೆಟಳೇ ಕಲಿಸಿದ್ದು. ಲೊರೆಟಳಿಗೆ ಫ್ಲೋರಿನ್ ಕಲಿಸಿದ್ದಳು. ಅದೊಂದು ಪೂರ್ತಿ ವಿದ್ಯೆ. ಕಡುಬಣ್ಣದ ಟವೆಲುಗಳನ್ನು ಉದ್ದುದ್ದ ಕತ್ತರಿಸಿ ಅಂಚು ಹೊಲಿದಿಡುವುದು, ಪ್ಯಾಡಿನ ಅಡಿಗೆ ಅದು, ಅದರ ಮೇಲೆ ಎರಡು ಕಪ್ಪು ಪ್ಯಾಂಟು. ಹಾಸಿಗೆಯ ಚಾದರದ ಕೆಳಗೆ ಪ್ಲಾಸ್ಟಿಕ್ಕು, ಕಾರಿನ ಸೀಟಿನ ಮೇಲೆ ಕಸದ ಚೀಲ. ಇಗರ್ಜಿಯಲ್ಲಿ ಸಾಲಿನ ಕೊನೆಯ ಜಾಗ. ಯಾರ ಮನೆಗೆ ಹೋದರೂ ಮರದ ಕುರ್ಚಿಯೇ ಬೇಕು, ಮೆತ್ತನೆಯದು ಬೇಡ, ಬೆನ್ನಿಗೆ ಒಳ್ಳೆಯದಲ್ಲವಂತೆ ಎಂದು ಹೇಳಬೇಕು. ಒಬ್ಬಳು ಎದ್ದರೆ ಇನ್ನೊಬ್ಬಳು ಮರೆ ಕಟ್ಟಿ ಅವಳ ಹಿಂದೆ ನಡೆಯಬೇಕು. ಆ ಹತ್ತು ದಿನಗಳ ಒಂಬತ್ತನೆಯ ದಿನ, ಹೋದ ರಕ್ತ ತುಂಬಲು, ಹಂದಿಯ ಲಿವರು, ಕಾಕಂಬಿ ಸುರಿದ ಬಕ್‌ವೀಟ್ ದೋಸೆ. ಬಕ್‌ವೀಟ್ ಎಂದರೆ ಈ ಕಡೆಯ ಮೂರು ಮೂಲೆಯ ಕಪ್ಪು ಕಾಳು, ಅದರ ಹಿಟ್ಟಿನ ಹಳದಿ ದೋಸೆ. ಮುಖ ಬಿಳಿಚಿಕೊಂಡರೆ ಕೆನ್ನೆ ಚಿವುಟಿಕೊಳ್ಳುವುದು. ಅಡುಗೆಮನೆಯಲ್ಲಿ ಹೆಂಗಸರೇ ಇದ್ದಾಗ ಫ್ಲೋರಿನ್ ನಗುತ್ತಾ ಹೇಳುತ್ತಿದ್ದಳು, ನಮ್ಮ ಮನೆ ಹೆಂಗಸರು ಹೀಗೇ, ನಮ್ಮ ರಕ್ತ ಧಾರಾಳ ಎಂದು. ಎಲ್ಲರೂ ನಗುತ್ತಿದ್ದರು. ಡನೀಸಳಿಗೆ ಹನ್ನೆರಡಕ್ಕೆ ಮೊದಲ ಸಲ ಆಗಿ, ಹನ್ನೊಂದು ದಿನ ನಿಲ್ಲದೆ, ಅವಳು ಬಚ್ಚಲಿನಲ್ಲಿ ಕೂತು, ಅಮ್ಮ ನಾನು ಸಾಯ್ತೀನಾ ಎಂದು ಕೇಳಿದಾಗ ಲೊರೆಟ್ ಅದೇ ಮಾತು ಹೇಳಿ ನಗಿಸಿದ್ದಳು. ಹುಡುಗಿ ನಿಜವಾಗಿಯೂ ನಕ್ಕಿದ್ದಳು. ದೊಡ್ಡವರ ಸಾಲಿಗೆ ಸೇರಿದ ಹೆಮ್ಮೆ ಅವಳ ಮುಖದಲ್ಲಿತ್ತು. ಇಷ್ಟು ಚೆನ್ನಾಗಿ ಮುಚ್ಚಲು ಕಲಿಸಿದರೆ, ಮುಚ್ಚಿಟ್ಟದ್ದು ಎಷ್ಟಿದೆ ಎಂದು ಆ ಮಗುವಿಗಾದರೂ ಹೇಗೆ ಗೊತ್ತಾಗಬೇಕು?

ಹೆಸರು ಕೂಗಿದರು. ಲೊರೆಟ್ ಏಳುವಾಗಲೇ ಜಾಕೀಟನ್ನು ಸೊಂಟಕ್ಕೆ ಸುತ್ತಿಕೊಂಡು ತೋಳುಗಳನ್ನು ಮುಂದೆ ಗಂಟು ಹಾಕಿದಳು. ಡನೀಸ್ ಅವಳ ಹಿಂದೆ ಬಂದು ನಡೆದಳು. ಲೊರೆಟಳಿಗೆ ನಿನ್ನೆ ಸಂಜೆಯಿಂದ ಶುರುವಾಗಿತ್ತು. ನಲವತ್ತಮೂರಕ್ಕೆ ಕಡಿಮೆಯಾಗುತ್ತದೆ ಎಂದು ಹೇಳುವವರು ಹೇಳುತ್ತಾರೆ, ಅವಳಿಗೆ ಹೆಚ್ಚಾಗಿತ್ತು. ಬೆಳಗ್ಗೆ ಎರಡು ಸಲ ಬದಲಾಯಿಸಿ ಬಂದಿದ್ದಳು. ಹೊರಗೆ ಕಾದದ್ದು ಐವತ್ತು ನಿಮಿಷ.

ಒಳಗಿನ ಕುರ್ಚಿಗೂ ಅದೇ ಗಂಜಿ ಬಣ್ಣ. ಮಿಸೆಸ್ ಹೆಡ್‌ಮನ್ ಎಂಬ ನರ್ಸಮ್ಮ ಬಂದಳು. ಈ ಊರಿಗೆ ವಾರಕ್ಕೆ ಒಂದೇ ದಿನ ಡಾಕ್ಟರು, ಉಳಿದ ದಿನ ಪರೀಕ್ಷೆ, ಔಷಧಿ ಎಲ್ಲ ಇವಳದೇ. ದಕ್ಷಿಣಕ್ಕೆ ಸ್ವೀಡಿಷ್ ವಲಸಿಗರು ನೆಲೆಸಿದ ಊರುಗಳ ಕಡೆಯವಳು, ಎತ್ತರದ, ನಿಧಾನದ ಹೆಂಗಸು. ಇಲ್ಲಿ ತುಂಬಾ ಸೆಖೆ, ಜಾಕೀಟು ಕೊಡಿ, ತೂಗುಹಾಕುತ್ತೇನೆ ಎಂದು ಕೈ ಚಾಚಿದಳು. ಬೇಡ ಎನ್ನಲು ಒಂದು ಕಾರಣ ಬೇಕು. ಲೊರೆಟಳಿಗೆ ಒಂದೂ ಹೊಳೆಯಲಿಲ್ಲ. ಗಂಟು ಬಿಚ್ಚಿ ಕೊಟ್ಟು, ಅವಳು ಮೊಳೆಯ ಕಡೆ ತಿರುಗಿದ ಕೂಡಲೇ ದೊಪ್ಪನೆ ಕೂತುಬಿಟ್ಟಳು. ಡನೀಸ್ ಅಮ್ಮನನ್ನೂ ಕುರ್ಚಿಯನ್ನೂ ನೋಡಿ, ಹಲ್ಲುಜ್ಜುವ ಚಿತ್ರ ಇಲ್ಲಿ ಇಲ್ಲದ್ದರಿಂದ, ನೆಲ ನೋಡಿದಳು.

ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ಸಣ್ಣ ಡಬ್ಬಿಯಂಥ ಯಂತ್ರಕ್ಕೆ ಹಾಕಿದಳು ನರ್ಸಮ್ಮ. ಯಂತ್ರ ಏನೋ ಅಂಕಿ ತೋರಿಸಿತು. ಅವಳು ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದಳು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ಏಳೂವರೆ ಇದೆ ಎಂದಳು. ಆಮೇಲೆ ಕುರ್ಚಿಯನ್ನು ಡನೀಸಳ ಎದುರಿಗೇ ಎಳೆದುಕೊಂಡು, ತಾಯಿಯನ್ನಲ್ಲ, ಅವಳನ್ನೇ ಕೇಳತೊಡಗಿದಳು. ಎಷ್ಟು ದಿನ ಇರುತ್ತದೆ? ಒಂದು ಪ್ಯಾಡು ಎಷ್ಟು ಹೊತ್ತು ತಡೆಯುತ್ತದೆ? ಗಡ್ಡೆ ಗಡ್ಡೆಯಾಗಿ ಬರುತ್ತದೆಯೇ, ಬಂದರೆ ಎಷ್ಟು ದೊಡ್ಡದು, ಕಾಲು ಡಾಲರಿನ ನಾಣ್ಯಕ್ಕಿಂತ ದೊಡ್ಡದೇ? ರಾತ್ರಿ ಬದಲಾಯಿಸಲು ಏಳುತ್ತೀಯಾ? ಮೂಗಿನಲ್ಲಿ ರಕ್ತ ಬರುತ್ತದೆಯೇ? ಹಲ್ಲು ಕೀಳಿಸಿದಾಗ ಬೇಗ ನಿಂತಿತೇ? ಪ್ರತಿ ಪ್ರಶ್ನೆಗೂ ಲೊರೆಟ್ ಬಾಯಿ ಹಾಕಿದಳು. ಎಲ್ಲರಿಗೂ ಆಗುವಷ್ಟೇ ಎಂದಳು. ಸ್ವಲ್ಪ ಜಾಸ್ತಿ ಇರಬಹುದು, ಬೆಳೆಯುವ ವಯಸ್ಸು ಎಂದಳು. ಕೊಯ್ಲಿನಲ್ಲಿ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ತಲೆ ಸುತ್ತಿದ್ದು ಎಂದಳು. ಹೇಳುತ್ತಾ ಹೇಳುತ್ತಾ ತನ್ನ ದನಿ ಚೆನ್ನಾಗಿಯೇ ಇದೆ, ತೂಕವಾಗಿದೆ, ಮೇಸ್ತ್ರಿಯ ದನಿ ಎಂದು ಅವಳಿಗೆ ಅನಿಸಿ ಅಸಹ್ಯವಾಯಿತು. ನರ್ಸಮ್ಮ ಕೇಳಿಸಿಕೊಂಡು, ಮತ್ತೆ ಹುಡುಗಿಯ ಕಡೆಗೇ ತಿರುಗಿ ಕಾಯುತ್ತಿದ್ದಳು. ಡನೀಸ್ ಬೆರಳು ಮಡಚಿ ಲೆಕ್ಕ ಹಾಕಿ, ಒಂದೊಂದಕ್ಕೂ ಸಣ್ಣ ದನಿಯಲ್ಲಿ ನಿಜ ಹೇಳಿದಳು. ಹತ್ತು ದಿನ. ಒಂದು ಗಂಟೆ. ಹೌದು, ಅದಕ್ಕಿಂತ ದೊಡ್ಡದು. ಎರಡು ಸಲ ಏಳುತ್ತೇನೆ.

ವಾರಕ್ಕಿಂತ ಹೆಚ್ಚು ದಿನ ಹೋದರೆ, ಗಂಟೆಗೊಂದು ಪ್ಯಾಡು ತೋಯ್ದರೆ, ಎದ್ದರೆ ಕಣ್ಣು ಕತ್ತಲೆ ಬಂದರೆ ಕಾಯಬಾರದು, ಬರಬೇಕು, ಇದನ್ನು ಯಾರೂ ನಿನಗೆ ಹೇಳಲಿಲ್ಲವೇ ಎಂದು ನರ್ಸಮ್ಮ ಕೇಳಿದಳು. ಅದರಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಲೊರೆಟಳಿಗೆ ಹಗುರವಾಗುತ್ತಿತ್ತು, ತಿರುಗಿ ಬೀಳಬಹುದಾಗಿತ್ತು.

"ಮನೇಲಿ ಬೇರೆ ಹೆಂಗಸರಿಗೆ ಯಾರಿಗಾದ್ರೂ ಹೀಗೆ ಇತ್ತಾ? ನಿಮಗೆ? ನಿಮ್ಮ ತಾಯಿಗೆ?"

ಈಗ ಪ್ರಶ್ನೆ ಲೊರೆಟಳಿಗೇ. ಡನೀಸ್ ಹುಟ್ಟಿದ ಮಾರನೆಯ ದಿನವೂ ಒಬ್ಬರು ಇದನ್ನೇ ಕೇಳಿದ್ದರು. ದೊಡ್ಡಾಸ್ಪತ್ರೆಯ ಎಳೆ ಮುಖದ ಡಾಕ್ಟರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಹೆರಿಗೆಯ ಮೇಲೆ ರಕ್ತ ನಿಲ್ಲದೆ ಆರು ಬಾಟಲಿ ಬೇರೆಯವರ ರಕ್ತ ಏರಿಸಿದ್ದರು. ಆತ ಹಾಸಿಗೆಯ ಪಕ್ಕ ಕೂತು, ನಿಮ್ಮ ರಕ್ತ ಹೆಪ್ಪುಗಟ್ಟುವುದರಲ್ಲಿ ಏನೋ ಕೊರತೆ ಇರಬಹುದು, ಇದು ಮನೆತನದಲ್ಲಿ ಇಳಿದು ಬರುತ್ತದೆ, ಪರೀಕ್ಷೆ ಮಾಡಿಸಿ, ಮಗುವಿಗೂ ಮಾಡಿಸಿ, ಹೆಣ್ಣುಮಗು, ನಾಳೆ ದೊಡ್ಡವಳಾಗುತ್ತಾಳೆ ಎಂದು ಬಿಡಿಸಿ ಬಿಡಿಸಿ ಹೇಳಿದ್ದ. ಅವಳಿಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಆದರೆ ಆಗ ಕೋಣೆಯಲ್ಲಿ ಅತ್ತೆ ಇದ್ದಳು. ಡಾಕ್ಟರು ಹೋದ ಮೇಲೆ ಅತ್ತೆ ಮಗುವನ್ನು ಎತ್ತಿ ಬೆಳಕಿಗೆ ಹಿಡಿದು, ಹಿಟ್ಟು ಕೊಳ್ಳುವ ಮೊದಲು ಚೀಲದಲ್ಲಿ ಹುಳ ಇದೆಯಾ ಅಂತ ನೋಡ್ತೀವಿ, ಸೊಸೆ ತರೋವಾಗ ನೋಡ್ಲಿಲ್ಲ ಎಂದಿದ್ದಳು. ತಮಾಷೆಗೆ ಎಂಬಂತೆ. ಲೊರೆಟ್ ಮಲಗಿದಲ್ಲೇ ಗೋಡೆಗೆ ತಿರುಗಿದ್ದಳು. ಪರೀಕ್ಷೆ ಮಾಡಿಸಿದರೆ ಅದು ಕಾಗದದ ಮೇಲೆ ಬರುತ್ತದೆ. ಕಾಗದದ ಮೇಲೆ ಬಂದರೆ ಕಣಿವೆಯಲ್ಲಿ ಇವಳ ಮನೆತನದ ರಕ್ತ ಕೆಟ್ಟದ್ದು ಎಂದಾಗುತ್ತದೆ. ಕಾಗದವಿಲ್ಲದಿದ್ದರೆ ಅದು ಬರೀ ಧಾರಾಳ. ಮೊದಲು ದೂರದ ನೆಪ, ಆಮೇಲೆ ಕೊಯ್ಲಿನ ನೆಪ, ಆಮೇಲೆ ನೆಪವೇ ಬೇಕಾಗಲಿಲ್ಲ. ಅತ್ತೆ ಸತ್ತು ಆರು ವರ್ಷವಾಯಿತು. ಆ ಆರು ವರ್ಷಗಳಿಗೆ ಯಾರ ಹೆಸರು ಹೇಳುವುದು?

"ಇಲ್ಲ," ಎಂದಳು ಲೊರೆಟ್. "ನಮ್ಮಲ್ಲಿ ಯಾರಿಗೂ ಇಲ್ಲ."

ನರ್ಸಮ್ಮ ಬರೆದುಕೊಂಡಳು. ಬರೆಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಇಷ್ಟೇ, ಮುಗಿಯಿತು ಎಂದುಕೊಂಡಳು ಲೊರೆಟ್. ಔಷಧಿ ಕೊಡುತ್ತಾರೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ, ಮನೆಗೆ ಹೋಗಬಹುದು. ಆಗ ಡನೀಸ್ ತಲೆ ಎತ್ತಿದಳು. ಮಗಳು ತನ್ನನ್ನು ಸುಳ್ಳುಗಾರ್ತಿ ಎನ್ನುತ್ತಾಳೆ ಎಂದುಕೊಂಡಳು ಲೊರೆಟ್. ಹಾಗೇನೂ ಆಗಲಿಲ್ಲ. ಹುಡುಗಿಗೆ ಅಮ್ಮ ಸುಳ್ಳು ಹೇಳಿದ್ದೇ ತಿಳಿದಿರಲಿಲ್ಲ. ಅಮ್ಮ ಪ್ರಶ್ನೆಯನ್ನು ತಪ್ಪಾಗಿ ತಿಳಿದಿದ್ದಾಳೆ, ಹೊರಗಿನವಳ ಮುಂದೆ ಮನೆಯ ಮಾನ ಕಾಪಾಡುವುದು ಈಗ ತನ್ನ ಕೆಲಸ ಎಂಬಂತೆ, ಊದಿದ ತುಟಿಯಲ್ಲೇ ನಗಲು ನೋಡುತ್ತಾ ನರ್ಸಮ್ಮನಿಗೆ ಹೇಳಿದಳು.

"ಕಾಯಿಲೆ ಯಾರಿಗೂ ಇಲ್ಲ ಮೇಡಂ. ಇದು ಕಾಯಿಲೆ ಅಲ್ಲ. ನಮ್ಮ ಮನೆ ಹೆಂಗಸರು ಹೀಗೇ. ನಂಗೇ ಇನ್ನೂ ತಡ್ಕೊಳೋದು ಸರಿಯಾಗಿ ಬರಲ್ಲ. ನಿನ್ನೆ ನಂದೇ ತಪ್ಪು, ಯಂತ್ರ ನಿಲ್ಲಿಸ್ಬಿಟ್ಟೆ."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿದಳು. ಲೊರೆಟಳಿಗೆ ನಾಚಿಕೆಯಾಯಿತು ಎಂದರೆ ಸಾಲದು. ನಾಚಿಕೆ ಅವಳಿಗೆ ಹೊಸದಲ್ಲ, ಹನ್ನೆರಡನೆಯ ವಯಸ್ಸಿನಿಂದ ಅದರೊಂದಿಗೇ ಎದ್ದು ಕೂತು ಮಾಡಿದವಳು. ಆದರೆ ಇದುವರೆಗಿನದೆಲ್ಲ ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆ. ಇದು ಬೇರೆ. ಏಳೂವರೆ ರಕ್ತ ಉಳಿದ ಮಗಳು, ತುಟಿ ಒಡೆದುಕೊಂಡು, ಅಮ್ಮನ ಪರವಾಗಿ ಕ್ಷಮೆ ಕೇಳುತ್ತಿದ್ದಾಳೆ. ಈಗ ಸುಮ್ಮನಿದ್ದರೆ ಈ ಮಗು ಇನ್ನೊಂದು ಮಗುವಿಗೆ ಟವೆಲು ಕತ್ತರಿಸಲು ಕಲಿಸುತ್ತದೆ. ಅಥವಾ ಅಷ್ಟು ದಿನ ಇರುವುದೇ ಇಲ್ಲ.

"ಅದು ಹೊಡೆದುಹಾಕಿ," ಎಂದಳು. "ಇಲ್ಲ ಅಂತ ಬರ್ಕೊಂಡ್ರಲ್ಲ, ಅದು. ನಮ್ಮಮ್ಮಂಗೆ ಇತ್ತು. ನಂಗೆ ಇದೆ. ಇವಳು ಹುಟ್ಟಿದ ಮಾರನೇ ದಿನಾನೇ ಡಾಕ್ಟ್ರು ಹೇಳಿದ್ರು, ಮಗೂಗೂ ಪರೀಕ್ಷೆ ಮಾಡ್ಸಿ ಅಂತ. ಚೀಟಿ ಕೊಟ್ಟಿದ್ರು. ನಾನು ಒಲೆಗೆ ಹಾಕ್ದೆ."

ಡನೀಸ್ ಅಮ್ಮನನ್ನು ನೋಡಿದಳು. ಸಿಟ್ಟು ಬಂದಿದ್ದರೆ ಲೊರೆಟ್ ತಡೆದುಕೊಳ್ಳುತ್ತಿದ್ದಳು. ಹುಡುಗಿಯ ಮುಖದಲ್ಲಿ ಇದ್ದದ್ದು ಲೆಕ್ಕ. ಬಚ್ಚಲಿನಲ್ಲಿ ಕೂತ ಹನ್ನೊಂದು ದಿನಗಳನ್ನು, ಎದ್ದ ರಾತ್ರಿಗಳನ್ನು, ಕ್ಲಾಸಿನಲ್ಲಿ ಕೊನೆಯ ಗಂಟೆ ಬಾರಿಸಿ ಎಲ್ಲರೂ ಹೋಗುವವರೆಗೆ ಏಳದೆ ಕೂತದ್ದನ್ನು ಒಂದೊಂದಾಗಿ ಎತ್ತಿ ಬೇರೆ ಜಾಗದಲ್ಲಿ ಇಡುತ್ತಿದ್ದಳು.

"ನಿನ್ನೆ ನಾನು ನಿನ್ನ ಕಿವೀಲಿ ಹೇಳ್ದಾಗ," ಎಂದು ಕೇಳಿದಳು, "ಆವಾಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ನರ್ಸಮ್ಮ ಮೊದಲು ಬರೆದದ್ದನ್ನು ಹೊಡೆದುಹಾಕಿದಳು. ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ, ರಕ್ತ ಏರಿಸಬೇಕಾಗಬಹುದು, ಇದು ಮನೆತನದ ಗುಣವಲ್ಲ, ಕಾಯಿಲೆ, ಇದಕ್ಕೆ ಔಷಧಿ ಇದೆ, ಮೊದಲಿನಿಂದಲೂ ಇತ್ತು ಎಂದಳು. ಆ ಕೊನೆಯ ಮಾತನ್ನು ಅವಳು ಹೇಳದಿದ್ದರೂ ನಡೆಯುತ್ತಿತ್ತು. ಪರೀಕ್ಷೆಗೆ ಇಬ್ಬರದೂ ರಕ್ತ ಬೇಕು, ಆ ಮೂಲೆಯ ಕುರ್ಚಿಗೆ ಬನ್ನಿ, ತಾಯಿ ಮೊದಲು ಎಂದು ರಬ್ಬರು ಪಟ್ಟಿ ತೆಗೆದುಕೊಂಡಳು.

ಲೊರೆಟ್ ಏಳಲಿಲ್ಲ. ಬರುತ್ತೇನೆ ಎಂದಳು, ಆದರೂ ಏಳಲಿಲ್ಲ. ನರ್ಸಮ್ಮ ತಲೆ ಸುತ್ತುತ್ತಿದೆಯೇ ಎಂದು ಕೇಳಿದಳು. ನರ್ಸಮ್ಮನಿಗೆ ಕಾರಣ ತಿಳಿಯಲಿಲ್ಲ. ಡನೀಸಳಿಗೆ ತಿಳಿಯಿತು. ಮೊಣಕಾಲು ಕೂಡಿಸಿ, ಕೈಗಳನ್ನು ಕುರ್ಚಿಯ ಎರಡೂ ಅಂಚಿಗೆ ಊರಿ ಕೂತ ಆ ಕೂರುವಿಕೆ ಅವಳಿಗೆ ಬಾಯಿಪಾಠ. ಇಷ್ಟಾದ ಮೇಲೆಯೂ, ಮುಖ ಗಟ್ಟಿಯಾಗಿಯೇ ಇದ್ದರೂ, ಹುಡುಗಿ ಎದ್ದಳು. ಬಿಳಿಚಿಕೊಂಡ ಕೈಗಳಿಂದ ತನ್ನ ಸ್ವೆಟರು ಬಿಚ್ಚುತ್ತಾ, ನರ್ಸಮ್ಮನಿಗೂ ಕುರ್ಚಿಗೂ ನಡುವೆ ಬಂದು, ಅಮ್ಮನ ಬೆನ್ನ ಹಿಂದೆ ನಿಲ್ಲಲು ಹೊರಟಳು. ಯಾರೂ ಹೇಳಿರಲಿಲ್ಲ. ಕಾಲುಗಳು ತಾವಾಗಿಯೇ ಹೋಗುತ್ತಿದ್ದವು.

"ಬೇಡ ಡನೀಸ್," ಎಂದಳು ಲೊರೆಟ್. "ಈ ಕಡೆ ಬಾ. ಅವರು ನೋಡ್ಲಿ. ನೀನೂ ನೋಡು."

ಮಗಳು ಸ್ವೆಟರಿನ ಒಂದು ತೋಳು ಬಿಚ್ಚಿ ಇನ್ನೊಂದು ಬಿಚ್ಚದೆ ನಿಂತಳು. ಲೊರೆಟ್ ಎದ್ದಳು, ಮುಖ ಉರಿಯುತ್ತಿತ್ತು, ಇಬ್ಬರಿಗೂ ಬೆನ್ನು ತೋರಿಸಿ ನಿಂತು, ಕುರ್ಚಿಯ ಮೇಲೆ ಆಗಿದ್ದ ಕೆಂಪು ಕಲೆಯನ್ನು ಅವರ ಜೊತೆಗೆ ತಾನೂ ನೋಡಿದಳು.